ಹಲ್ಲಿನಲ್ಲಿದ್ದ ಕಾಯಿಲೆ

ಅದು ಯುದ್ಧದ ಕಾಲ. ಚಳಿಜ್ವರಕ್ಕೆ ಕ್ವಿನೈನ್ ಸಿಕ್ಕರೆ ಬಂಗಾರ ಸಿಕ್ಕಿದಂತೆ. ಪೂರಿಗಾಲಿಯ ಆಸುಪಾಸಿನ ಒಂದು ಸಣ್ಣ ಔಷಧಾಲಯದಲ್ಲಿ ಕೆಂಪಸಿದ್ದಯ್ಯ ಕಾಂಪೌಂಡರ್ ಆಗಿದ್ದ. ಡಾಕ್ಟರು ಗುರುವಾರಕ್ಕೊಮ್ಮೆ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವರು. ಮಿಕ್ಕ ದಿನ ಜ್ವರ, ಭೇದಿ, ಕುಡುಗೋಲಿನ ಗಾಯ, ಚೇಳಿನ ಕಡಿತ ಎಲ್ಲಕ್ಕೂ ಅವನೇ ದಿಕ್ಕು.

ಆರಂಬದ ಮನೆಯಲ್ಲಿ ಹುಟ್ಟಿದರೂ ಅವನಿಗೆ ನೇಗಿಲು ಒಗ್ಗಲಿಲ್ಲ. ಮಂಡ್ಯಕ್ಕೆ ಹೋಗಿ ಔಷಧದ ಸೀಸೆ ತೊಳೆಯುತ್ತಾ ತೊಳೆಯುತ್ತಾ ಕಸುಬು ಕಲಿತ. ಕಲಿತದ್ದೆಲ್ಲ ಕಣ್ಣಿನ ಕಲಿಕೆ. ಹಿರಿಯ ಕಾಂಪೌಂಡರೊಬ್ಬರು ಮೂರ್ಛೆರೋಗದವರ ಹಲ್ಲಿನ ನಡುವೆ ಚಮಚದ ಹಿಡಿ ತುರುಕುತ್ತಿದ್ದರು; ಇವನೂ ತುರುಕಿದ. ಊರಿನವರು ಬಿದ್ದವರ ಅಂಗೈಗೆ ಬೀಗದ ಕೈ ಗೊಂಚಲು ಕೊಡುತ್ತಿದ್ದರು, ಇವನೂ ಕೊಟ್ಟ. ಆಸ್ಪತ್ರೆಯದೊಂದು, ಊರಿನದೊಂದು, ಯಾವುದಾದರೂ ಹಿಡಿದೀತು ಎಂಬ ಎಣಿಕೆ. ಬಿದ್ದವರು ಸ್ವಲ್ಪ ಹೊತ್ತಿಗೆ ಏಳುತ್ತಲೇ ಇದ್ದರು. ಚಮಚದಿಂದ ಎದ್ದರೋ, ಕಬ್ಬಿಣದಿಂದ ಎದ್ದರೋ, ತಾವಾಗಿಯೇ ಎದ್ದರೋ ಎಂದು ಯೋಚಿಸುವ ಗೋಜಿಗೆ ಅವನು ಹೋದವನಲ್ಲ.

ಒಂದು ಸುಗ್ಗಿಯಲ್ಲಿ ಅದೇ ಊರಿನ ಲಿಂಗಯ್ಯ ಕಣದಲ್ಲಿ ರಾಗಿ ಒಕ್ಕುತ್ತಿದ್ದವನು ಮೂರ್ಛೆ ಬಂದು ಬಿದ್ದ. ಕೆಂಪಸಿದ್ದಯ್ಯ ಓಡಿದ. ಸುತ್ತ ಇದ್ದವರು ಕೈಕಾಲು ಅಮುಕಿ ಹಿಡಿದರು, ಇವನು ಚಮಚ ತುರುಕಿದ. ಕಟಕ್ ಎಂದಿತು. ಮುಂದಿನ ಹಲ್ಲೊಂದು ಮುರಿದು ಒಳಕ್ಕೆ ಜಾರಿತು. ಲಿಂಗಯ್ಯನ ಗಂಟಲು ಗೊರಗೊರ ಎಂದು ನಿಂತೇ ಹೋಯಿತು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಹಿಡಿದವರನ್ನು ದೂಡಿ, ಕೆಂಪಸಿದ್ದಯ್ಯ ಅವನನ್ನು ಮಗ್ಗುಲಿಗೆ ಹೊರಳಿಸಿದ. ರಕ್ತ, ನೊರೆ, ಜೊತೆಗೆ ಹಲ್ಲು ಕಣದ ನೆಲಕ್ಕೆ ಬಿದ್ದವು. ಉಸಿರು ಬಂತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗಾಯಿತು. ಅಲ್ಲಿಂದಾಚೆಗೆ ಲಿಂಗಯ್ಯನಿಗೆ ಒಂದು ವರ್ಷ ಮೂರ್ಛೆ ಬರಲಿಲ್ಲ.

"ಕಾಯ್ಲೆ ಹಲ್ಲಿನ ಬುಡದಲ್ಲಿತ್ತು ಕಣ್ಲಾ! ಕಾಂಪೌಂಡರಪ್ಪ ಬೇರು ಸಮೇತ ಕಿತ್ತ!" ಎಂದು ಲಿಂಗಯ್ಯನೇ ಬಾಯಿ ಅಗಲಿಸಿ, ಖಾಲಿ ಜಾಗ ತೋರಿಸಿಕೊಂಡು ಸಂತೆಯೆಲ್ಲ ತಿರುಗಿದ.

ಕೆಂಪಸಿದ್ದಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಳ್ಳೆಯ ಹೆಸರು ತಾನಾಗಿ ಬಂದು ಜಗುಲಿಯ ಮೇಲೆ ಕೂತರೆ, ಎದ್ದು ಹೋಗು ಎನ್ನುವ ಗಂಡು ನಮ್ಮ ಸೀಮೆಯಲ್ಲಿ ಕಡಿಮೆ. ಆದರೆ ಆ ನೇರಳೆ ತುಟಿ ಅವನ ಕಣ್ಣು ಬಿಟ್ಟು ಹೋಗಲಿಲ್ಲ.

ಹೀಗಿರುವಾಗ ಬಂಡೂರಿನಿಂದ ಒಂದು ಗಾಡಿ ಬಂತು. ಕುರಿ ಸಾಕುವ ಅಂಕಯ್ಯ, ಅವನ ಹೆಂಡತಿ ಹೊಂಬಾಳಮ್ಮ, ಹೊಸ ಸೊಸೆ ಬೆಟ್ಟಮ್ಮ. ಮದುವೆಯಾಗಿ ಬಂದಮೇಲೆ ಹುಡುಗಿಗೆ ಮೂರ್ಛೆ ಕಾಣಿಸಿಕೊಂಡಿತ್ತು.

"ಯಾವ ಹಲ್ಲು ಅಂತ ನೋಡಿ ಕಿತ್ತಾಕಪ್ಪ," ಎಂದ ಅಂಕಯ್ಯ. "ವಾಸಿ ಆದ್ರೆ ಮನೆ ಸೊಸೆ. ಆಗ್ನಿಲ್ವೋ, ಇದೇ ಗಾಡೀಲಿ ಅವ್ರಪ್ಪನ ಮನೇಗೆ ಬುಟ್ಟು ಬತ್ತೀನಿ. ಕುರಿ ತರೋವಾಗ ಹಲ್ಲು ನೋಡೋನು, ಸೊಸೆ ತರೋವಾಗ ನೋಡ್ನಿಲ್ಲ. ಅದೇ ನಾನು ಕೆಟ್ಟಿದ್ದು."

"ಸುಮ್ಕಿರಿ," ಎಂದಳು ಹೊಂಬಾಳಮ್ಮ. "ನಿಮ್ಮ ಹಲ್ಲು ನೋಡಿದ್ದಿದ್ರೆ ನಮ್ಮಪ್ಪ ನನ್ನ ಕೊಡ್ತಿದ್ನಾ?"

ಬೆಟ್ಟಮ್ಮ ಬೆಂಚಿನ ತುದಿಯಲ್ಲಿ ಸೆರಗು ಹಿಂಡುತ್ತಾ ಕೂತಿದ್ದಳು. "ಮುಂದಿಂದು ಬ್ಯಾಡ ಕಣಣ್ಣ," ಎಂದಳು ಮೆಲ್ಲಗೆ. "ದವಡೇದು ಕೀಳು. ಬೇಕಾದ್ರೆ ಎಲ್ಡು ಕೀಳು."

ಕೆಂಪಸಿದ್ದಯ್ಯ ಇಕ್ಕಳವನ್ನು ಕುದಿಯುವ ನೀರಿಗೆ ಹಾಕಿದ. ಒಂದು ಕಿತ್ತಮೇಲೆ ಮೂರ್ಛೆ ಬಾರದಿದ್ದರೆ ತನ್ನ ಹೆಸರು ಮದ್ದೂರಿನವರೆಗೂ ಹೋದೀತು. ಬಂದರೆ? ಇನ್ನೊಂದು ಕೀಳು ಎಂದಾರು. ಆಮೇಲೆ ಮತ್ತೊಂದು. ಈ ಹುಡುಗಿಯ ಬಾಯಲ್ಲಿ ಎಷ್ಟು ಉಳಿದಾವು? ಅವನು ನೀರನ್ನೇ ನೋಡುತ್ತಾ ನಿಂತಿದ್ದಾಗ ಹಿಂದೆ ದಡ್ ಎಂದು ಸದ್ದಾಯಿತು. ಬೆಟ್ಟಮ್ಮ ಕಣ್ಣು ಮೇಲಾಗಿ ಬೆಂಚಿನಿಂದ ಉರುಳಿದ್ದಳು. ಕೈಕಾಲು ಸೆಳೆಯತೊಡಗಿದವು.

"ಚಮಚ! ಚಮಚ ಎಲ್ಲಪ್ಪ!" ಎಂದು ಅಂಕಯ್ಯ ಕೂಗಿದ.

ಕೈ ತಾನಾಗಿ ಚಮಚದ ಮೇಲೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಕೆಂಪಸಿದ್ದಯ್ಯ ಅದನ್ನು ಬಿಟ್ಟು ಬಂದು, ಬೆಂಚನ್ನು ದೂರ ಎಳೆದ. ಹೆಗಲ ವಸ್ತ್ರವನ್ನು ಮಡಿಸಿ ಅವಳ ತಲೆಯಡಿಗೆ ಕೊಟ್ಟ.

"ಇಡ್ಕಬ್ಯಾಡಿ! ಬುಡಿ ಕೈಯ! ಬಾಯ್ಗೆ ಏನೂ ಆಕ್ಬ್ಯಾಡಿ!"

ಸೆಳೆತ ಸಡಿಲವಾದ ಕೂಡಲೇ ಮಗ್ಗುಲಿಗೆ ಹೊರಳಿಸಿದ. ಜೊಲ್ಲು ಹೊರಗೆ ಹರಿಯಿತು. ಉಸಿರು ಗೊರಕೆಯಂತೆ ಬಂದು, ಆಮೇಲೆ ತಿಳಿಯಾಯಿತು. ಹೊಂಬಾಳಮ್ಮ ನೀರಿನ ಚೊಂಬು ಹಿಡಿದು ಬಂದರೆ, ಪೂರಾ ಎಚ್ಚರಾಗುವವರೆಗೂ ಬೇಡವೆಂದು ತಡೆದ.

ಅಂಕಯ್ಯ ಸಿಡಿದ. "ಎಣ್ಣು ಒದ್ದಾಡ್ತಾ ಇದ್ರೆ ಗರುಡಗಂಬದಂಗೆ ನೋಡ್ತಾ ನಿಂತಿದ್ಯಲ್ಲಯ್ಯ!"

"ಅದ್ಕೇ ಅವಳ ಹಲ್ಲು ಉಳೀತು," ಎಂದ ಕೆಂಪಸಿದ್ದಯ್ಯ. "ಲಿಂಗಯ್ಯನ ಹಲ್ಲಲ್ಲಿ ಯಾವ ಕಾಯ್ಲೇನೂ ಇರ್ನಿಲ್ಲ. ಅದ ಮುರ್ದೋನು ನಾನು. ಅವನು ನನ್ನ ಕೈಲೇ ಸಾಯ್ತಿದ್ದ. ನಾನು ಕೀಳಾಕಿಲ್ಲ."

"ಅಂಗಾರೆ ಒಂದ್ ವರ್ಸದಿಂದ ಬಾಯಲ್ಲಿ ಏನು ಇಟ್ಕಂಡಿದ್ದೆ?"

"ಊರು ಕೊಟ್ಟ ಮರ್ವಾದೆ."

"ಏಳೇ, ಗಾಡಿ ಅತ್ತು," ಎಂದು ಅಂಕಯ್ಯ ಎತ್ತು ಕಟ್ಟಲು ಹೊರಟ. "ಅವ್ರಪ್ಪನ ಮನೆ ದಾರಿ ನಂಗೊತ್ತು."

ಹೊಂಬಾಳಮ್ಮ ಏಳಲಿಲ್ಲ. ಅಷ್ಟು ಹೊತ್ತೂ ಅವಳ ಕಣ್ಣು ಸೊಸೆಯನ್ನು ಹೊರಳಿಸಿದ ಕೆಂಪಸಿದ್ದಯ್ಯನ ಕೈಗಳನ್ನೇ ನೋಡುತ್ತಿತ್ತು. ಪ್ರತಿಸಲ ಮೂರ್ಛೆ ಬಂದಾಗಲೂ ಮನೆಯವರು ತುರುಕಿದ ಚಮಚದಿಂದ ಹುಡುಗಿಯ ಬಾಯಿ ಕುಯ್ದು ರಕ್ತವಾಗುತ್ತಿತ್ತು. ಈ ಸಲ ಆಗಿರಲಿಲ್ಲ.

"ಯಾವಾಗ ಮಗ್ಗುಲಿಗೆ ಒಳ್ಳಿಸ್ದೆ ನೀನು? ಒದ್ದಾಡೋವಾಗ್ಲೋ, ನಿಂತ ಮ್ಯಾಲೋ?"

"ಸಡ್ಲ ಆದ ಮ್ಯಾಲೆ, ಕಣವ್ವ."

"ಇನ್ನೊಂದ್ಸಲ ತೋರ್ಸು."

ಅವನು ತೋರಿಸಲು ಸೊಸೆಯನ್ನು ಎಬ್ಬಿಸದೆ ತಾನೇ ನೆಲದ ಮೇಲೆ ಅಂಗಾತ ಮಲಗಿದ. ಹೊಂಬಾಳಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅವನ ಭುಜಕ್ಕೂ ತೊಡೆಗೂ ಕೈಯಿಟ್ಟು, ರಾಗಿ ಮೂಟೆ ಉರುಳಿಸಿದಂತೆ ಉರುಳಿಸಿದಳು. ಕಾಂಪೌಂಡರ ಮೂಗು ಗೋಡೆಗೆ ತಗುಲಿತು. ಅರೆಗಣ್ಣು ಬಿಟ್ಟು ಮಲಗಿದ್ದ ಬೆಟ್ಟಮ್ಮನ ತುಟಿಯ ಮೇಲೆ ನಗು ಬಂತು.

"ಮೆತ್ತಗೆ ಕಣವ್ವ! ಸೊಸೆ ಅದು, ಮೂಟೆ ಅಲ್ಲ!" ಎಂದ ಕೆಂಪಸಿದ್ದಯ್ಯ ಮೂಗು ಉಜ್ಜಿಕೊಳ್ಳುತ್ತಾ.

ಆ ದಿನದಿಂದ ಕೆಂಪಸಿದ್ದಯ್ಯನ ಹೆಸರು ಬಂದ ದಾರಿಯಲ್ಲೇ ಹೋಯಿತು. ಲಿಂಗಯ್ಯ ಅವನೊಡನೆ ಬಹಳ ಕಾಲ ಮಾತು ಬಿಟ್ಟ. ಹಲ್ಲು ಕೀಳಲೂ ಬಾರದವನು ಎಂದು ಸಂತೆಯಲ್ಲಿ ಆಡಿಕೊಂಡರು. ಕೆಂಪಸಿದ್ದಯ್ಯ ಮಾತ್ರ ಮೂರ್ಛೆಯೆಂದು ಯಾರು ಕರೆದರೂ ಬರಿಗೈಯಲ್ಲಿ ಹೋಗುತ್ತಿದ್ದ.

ಅದೆಲ್ಲ ಆಮೇಲಿನ ಮಾತು. ಅವತ್ತು ಅಂಕಯ್ಯ ಎತ್ತು ಕಟ್ಟಿ ಒಳಗೆ ಇಣುಕಿದಾಗ ಅತ್ತೆ ಸೊಸೆಯ ಕೆದರಿದ ತಲೆ ಕಟ್ಟುತ್ತಿದ್ದಳು.

"ಗಾಡಿ ನಮ್ಮೂರಿಗೆ ತಿರುಗ್ಸಿ," ಎಂದಳು. "ಬಿದ್ರೆ ನಾನು ನೋಡ್ಕತೀನಿ. ಗುರ್ವಾರ ಡಾಕ್ಟ್ರು ಬತ್ತಾರಂತೆ, ಇವಳ್ನ ಕರ್ಕಬಂದು ತೋರುಸ್ತೀನಿ."