ಹಗೇವಿಗೆ ಇಳಿದ ಅಮೀನಕ್ಕ

ಗೋಕಾಕದ ರೇಷನ್ ಅಂಗಡಿಯಲ್ಲಿ ನಿನ್ನೆ ಕೊಟ್ಟ ಜೋಳಕ್ಕೆ ಮುಗ್ಗಲು ವಾಸನೆ. ಎಲ್ಲರೂ ಮೂಗು ಮುರಿದರು. ನಾನೊಬ್ಬಳು ಹಿಡಿ ತುಂಬಿಕೊಂಡು ಮೂಸುತ್ತ ನಿಂತೆ. ನೆಲದೊಳಗೆ ಇಟ್ಟ ಜೋಳದ ವಾಸನೆ ಗೊತ್ತಿದ್ದರೆ ನೀವೂ ನಿಲ್ಲುತ್ತಿದ್ದಿರಿ.

ಈಗಿನ ಯುದ್ಧವಲ್ಲ, ಹಿಂದಿನ ಮಹಾಯುದ್ಧ ಮುಗಿಯುತ್ತ ಬಂದ ವರ್ಷ ನಾನು ಕಲ್ಲೋಳಿಗೆ ಹೊಸ ಸೊಸೆ. ಮಳೆ ಕೈಕೊಟ್ಟಿತ್ತು. ಕಾಳೆಲ್ಲ ದಂಡಿನ ಪಾಲಾಗುತ್ತಿದೆಯೆಂದು ಸಂತೆಯಲ್ಲಿ ಜನ ಗೊಣಗುತ್ತಿದ್ದರು. ಅದರ ಮೇಲೆ ಊರೂರನ್ನೇ ಮಲಗಿಸಿದ ಆ ಜ್ವರ. ಮಾವ, ಅತ್ತೆ, ಗಂಡ ಮೂವರೂ ಹಾಸಿಗೆ ಹಿಡಿದರು. ನನ್ನ ಬಾಯಿಗೆ ಹೆದರಿ ಜ್ವರ ನನ್ನನ್ನು ಬಿಟ್ಟಿತೆಂದು ಗಂಡ ಈಗಲೂ ನಗುತ್ತಾರೆ.

ಮನೆಯೊಳಗಿನ ಗಡಿಗೆಗಳು ಬರಿದಾದವು. ಅಂಗಳದ ಹಗೇವಿನಲ್ಲಿ, ಆ ನೆಲಕಣಜದಲ್ಲಿ, ಜೋಳವಿತ್ತು; ಇಳಿಯುವಷ್ಟು ತ್ರಾಣವಿದ್ದ ಗಂಡಸು ಓಣಿಯಲ್ಲೇ ಇರಲಿಲ್ಲ. ನಮ್ಮ ಊಟದ ಮೇಲೆ ಕಾಲಿಟ್ಟುಕೊಂಡೇ ನಾವು ಉಪವಾಸವಿದ್ದೆವು.

ಒಂದು ಮುಂಜಾನೆ ಗೋಡೆಯಾಚೆಯ ಅಮೀನಕ್ಕ ಗಂಡನ ಗಂಜಿಗೆ ಹಿಡಿ ಜೋಳ ಕೇಳಲು ಬಂದಳು. ಅವರದು ಅರಳೆ ಹಿಂಜುವ ಮನೆ. ಒಳಗಿನಿಂದ ಅತ್ತೆ ಕೂಗಿದರು: “ಅದು ಬಿತ್ತಾಕ ಇಟ್ಟದ್ದು. ಇರ್ಲಿ, ತಗೀರಿ. ಮೊದಲ ದೀಪಾ ಇಳಿಬಿಡ್ರಿ, ಆರಿದ್ರ ಇಳೀಬ್ಯಾಡ್ರಿ. ಇಳದಾಕಿ ಮಾತಾಡಕೋತ ಇರಬೇಕು. ಸುಮ್ಮನಾದ್ಲಂದ್ರ ಜಗ್ಗು!”

ಹಗೇವಿನ ಬಾಯಿಗೆ ಮುಚ್ಚಿದ್ದ ಬಂಡೆ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಕಾದೆವು. ಇಳಿಬಿಟ್ಟ ದೀಪ ಆರಲಿಲ್ಲ. ನಾನು ಇಳಿಯಲು ಸೆರಗು ಕಟ್ಟಿದೆ.

“ನೀ ಹಿಡಿಸಂಗಿಲ್ಲವ್ವ, ಬಾಯಿ ಸಣ್ಣದೈತಿ,” ಎಂದು ನನ್ನ ಮೈ ನೋಡಿ ಅಮೀನಕ್ಕ ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು. “ಜಗ್ಗಾಕ ನೀನ ಸೈ.”

ಅವಳು ಇಳಿದಳು. ಮಾತಾಡಿಸುವ ಕೆಲಸ ನನ್ನದು, ಅದೊಂದು ನನಗೆ ಚೆನ್ನಾಗಿ ಬರುತ್ತದೆ. ಒಂದೇ ಗೋಡೆಯ ಆಚೆಯವಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಮದುವೆಯಲ್ಲಿ ಏನು ಉಟ್ಟಿದ್ದಳು, ಗಂಡ ಗೊರಕೆ ಹೊಡೆಯುತ್ತಾನೆಯೇ, ಬಿಳಿ ಆಡಿಗೆ ಏನೆಂದು ಹೆಸರಿಟ್ಟಿದ್ದಾಳೆ, ಎಲ್ಲ ಕೇಳಿದೆ. ಕತ್ತಲೊಳಗಿಂದ ಉತ್ತರ ಬರುತ್ತಿತ್ತು, ಜೋಳದ ಬುಟ್ಟಿಯೂ ಬರುತ್ತಿತ್ತು.

“ತವರು ಯಾವೂರ?”

“ಬೆಲ್ಲದ ಬಾಗೇವಾಡಿ.”

“ಅವ್ವ ಹೆಂಗದಾಳ?”

ಉತ್ತರವಿಲ್ಲ. “ಅಮೀನಕ್ಕಾ!” ಎಂದು ಚೀರಿ ಇದ್ದ ಬಲವೆಲ್ಲ ಹಾಕಿ ಹಗ್ಗ ಎಳೆದೆ.

“ಜಗ್ಗಬ್ಯಾಡ, ಉಸರ ಐತಿ,” ಎಂದಿತು ಒಡೆದ ದನಿ. “ಅವ್ವ ಹ್ವಾದ ವಾರ ಇದ ಜ್ವರದಾಗ ಹೋದ್ಲು. ಮಣ್ಣಿಗೂ ಹೋಗಾಕ ಆಗ್ಲಿಲ್ಲ. ಇಷ್ಟ ದಿನಾ ಯಾರೂ ಕೇಳಿರಲಿಲ್ಲ ನೋಡ.”

ಮೇಲೆ ಬಂದ ಮೇಲೆ ಒಂದೇ ಬೀಸುಕಲ್ಲಿಗೆ ಇಬ್ಬರೂ ಕೈಹಚ್ಚಿದೆವು. ಅಂಬಲಿ ಕುದಿಯುವವರೆಗೆ ಅವಳು ತಾಯಿಯ ಮಾತನ್ನೇ ಆಡಿದಳು. ಎರಡೂ ಮನೆಗೆ, ಆಮೇಲೆ ಓಣಿಗೂ ಆ ಅಂಬಲಿ ಸಾಗಿತು. ಮಾವ ಉಳಿಯಲಿಲ್ಲ. ಅತ್ತೆ, ನನ್ನ ಗಂಡ, ಅವಳ ಗಂಡ ಎದ್ದು ಕೂತರು.

ನಿನ್ನೆ ರೇಷನ್ ಅಂಗಡಿಯಲ್ಲಿ ನನ್ನ ಹಿಂದೆ ನಿಂತ ಹುಡುಗಿಯ ಸರದಿ ಬರುವಷ್ಟರಲ್ಲಿ ಜೋಳ ಮುಗಿಯಿತು. ಅವಳು ಬರಿ ಚೀಲ ಮಡಚಿಕೊಂಡು ಸುಮ್ಮನೆ ಹೊರಟಳು. ನಾನು ಅಡ್ಡ ನಿಂತೆ: “ಮನ್ಯಾಗ ಯಾರ್ಯಾರು ಅದಾರವ್ವ?”

ಮನೆ ಸೇರಿದಾಗ ನನ್ನ ಚೀಲ ಅರ್ಧವಾಗಿತ್ತು. ಆ ಹುಡುಗಿಯ ಊರು ಮೇಲವಂಕಿ.