ಬೀಜದ ಗಡಿಗೆಯಲ್ಲಿ ಇಟ್ಟ ಬಣ್ಣ

ಹನಗೋಡಿನಲ್ಲಿ ನೀಲಾಂಬಿಕೆಯ ಮನೆ ಯಾವುದೆಂದು ಕೇಳಿದರೆ ಜನ "ಪ್ರಿಂಟಿನ ಮನೆ" ಎಂದು ಕೈ ತೋರಿಸುತ್ತಾರೆ. ಅವಳ ಗಂಡ ರುದ್ರಸ್ವಾಮಿ ಅದೇ ಊರಲ್ಲಿ ಹುಟ್ಟಿ, ಅಲ್ಲೇ ಹೊಗೆಸೊಪ್ಪು ಬೆಳೆದು ತಲೆ ನರೆಸಿಕೊಂಡವನು. ಆದರೂ ಅವನ ಹೆಸರು ಹೇಳಿದರೆ ಯಾವ ರುದ್ರಸ್ವಾಮಿ ಎಂದು ಮರುಪ್ರಶ್ನೆ ಬರುತ್ತದೆ. ಅವನಿಗೆ ಇದರ ಬಗ್ಗೆ ಒಳಗೊಳಗೇ ಸಿಟ್ಟಿದೆ. ನೀಲಾಂಬಿಕೆಗೆ ಮೊದಮೊದಲು ಹೆಮ್ಮೆ ಇತ್ತು, ಈಗ ಅದೂ ಇಲ್ಲ. ಹೆಮ್ಮೆ ಪಡಲಿಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಮೊದಲ ಕೋಣೆಯ ಕಿಟಕಿ ಪಕ್ಕ ಮೇಜಿನ ಮೇಲೆ ಆ ಪ್ರಿಂಟರು ಕೂತಿದೆ. ಹಂಡೆ ಒಲೆಗೆ ಉರಿ ಹಾಕುವ ಹೊತ್ತಿಗೆ ಒಬ್ಬರು ಬರುತ್ತಾರೆ, ಮುದ್ದೆ ತೊಳಸುವ ಹೊತ್ತಿಗೆ ಇನ್ನೊಬ್ಬರು. "ಅಕ್ಕ, ಒಂದ್ ಆಧಾರು." "ಚಿಕ್ಕವ್ವ, ಜಮೀನಿನ ಪಾಣಿ ಬೇಕಾಗಿತ್ತು, ಬಸ್ಸು ಬಂದುಬುಡ್ತದೆ." ಮುದ್ದೆ ಕೋಲು ಬಿಟ್ಟು ಎದ್ದರೆ ಹಿಟ್ಟು ಗಂಟಾಗುತ್ತದೆ, ಏಳದಿದ್ದರೆ ಬಂದವರು ಬಾಗಿಲಲ್ಲೇ ನಿಂತು ನಿಟ್ಟುಸಿರು ಬಿಡುತ್ತಾರೆ. ಇಷ್ಟು ವರ್ಷ ಹೀಗೆ ಎದ್ದು ಕೂತು ಅವಳ ಮಂಡಿ ಸವೆದಿದೆ. ಪ್ರಿಂಟರಿನದ್ದೂ ಅದೇ ಗತಿ. ಅದರ ಮಾಡೆಲ್ ನಿಂತುಹೋಗಿ, ಇಂಕು ಸಿಗುವುದೇ ದುಸ್ತರವಾಗಿ, ಬಣ್ಣದ ಕಾರ್ಟ್ರಿಡ್ಜ್ ಮುಗಿದು ವರ್ಷ ಕಳೆದಿತ್ತು. ಉಳಿದದ್ದು ಕರಿ ಇಂಕು ಒಂದೇ. ಅದೂ ಮುಗಿದ ದಿನ ಈ ಉಸಾಬರಿಗೆ ಕೈಮುಗಿದುಬಿಡುವುದೆಂದು ನೀಲಾಂಬಿಕೆ ತೀರ್ಮಾನಿಸಿದ್ದಳು.

ಪ್ರಿಂಟರನ್ನು ಕಂಡರೆ ಆಗದವರು ಆ ಮನೆಯಲ್ಲಿ ಒಬ್ಬರಿದ್ದರು. ಅವಳ ಅತ್ತೆ ದೇವಮ್ಮಣ್ಣಿ. ಅವರ ಬಾಯಲ್ಲಿ ಅದು ಪ್ರಿಂಟರಲ್ಲ, "ಮಸಿ ಡಬ್ಬ". ಸೊಸೆಯಾದವಳು ಊರವರ ಕಾಗದ ಮಾಡುತ್ತ ಕೂತರೆ ಮನೆ ಉದ್ಧಾರವಾಯಿತು ಎಂದು ಜಗಲಿಯಲ್ಲಿ ಕೂತು, ಬಂದವರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು. ಮೊದಲ ವರ್ಷದ ದುಡಿಮೆಯಲ್ಲಿ ನೀಲಾಂಬಿಕೆ ಹುಣಸೂರಿಗೆ ಹೋಗಿ ಅತ್ತೆಗೆಂದು ಅರಿಶಿಣ ಬಣ್ಣದ ರೇಷ್ಮೆ ಸೀರೆ ತಂದಿದ್ದಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು, "ಈ ವಯಸ್ಸಿಗೆ ಇಂಥ ಬಣ್ಣ ಯಾರುಡ್ತಾರೆ," ಎಂದು ಮಡಿಸಿ ಟ್ರಂಕಿಗೆ ಹಾಕಿದವರು ಮತ್ತೆ ತೆಗೆಯಲಿಲ್ಲ. ನೀಲಾಂಬಿಕೆಗೆ ಅದು ಮನಸ್ಸಲ್ಲಿ ಮುಳ್ಳಿನ ಹಾಗೆ ಉಳಿದುಹೋಯಿತು. ಆಮೇಲೆ ಅವಳು ಅತ್ತೆಗೆ ಏನನ್ನೂ ಇಷ್ಟಪಟ್ಟು ತರಲಿಲ್ಲ.

ಮಾವ ಶಿವನಂಜಪ್ಪ ತೀರಿಕೊಂಡಾಗ ಮನೆಯ ಪ್ರಿಂಟರು ಮಾನ ಕಳೆಯಿತು. ಶಿವಗಣಾರಾಧನೆಗೆ ದೊಡ್ಡ ಫೋಟೋ ಆಗಬೇಕಿತ್ತು. ಆ ವಾರವಷ್ಟೇ ಶಾಲೆಯ ಮಕ್ಕಳೆಲ್ಲ ಸೂರ್ಯಕಾಂತಿಯ ಪ್ರಾಜೆಕ್ಟು ಎಂದು ಬಂದು ಹಳದಿಯನ್ನೆಲ್ಲ ಬಳಿದುಕೊಂಡು ಹೋಗಿದ್ದರು. ಮಾವನ ಮುಖ ಬೀಟ್‌ರೂಟ್ ಬಣ್ಣದಲ್ಲಿ ಬಂತು. ಮನೆಯಲ್ಲಿ ಬೇರೆ ಕಾರ್ಟ್ರಿಡ್ಜ್ ಇರಲಿಲ್ಲ. ರುದ್ರಸ್ವಾಮಿ ಹುಣಸೂರಿನ ಯಾವುದೋ ಸ್ಟುಡಿಯೋಗೆ ಓಡಿದ. ಸ್ಟುಡಿಯೋದವನು ಮಾವನ ಮುಖವನ್ನು ಬೆಳ್ಳಗೆ ತೊಳೆದು, ಕೋಟು ಟೈ ಹಾಕಿ, ಹಿಂದುಗಡೆ ಒಂದು ಜಲಪಾತವನ್ನೂ ನಿಲ್ಲಿಸಿ ಕೊಟ್ಟ. ಹುಟ್ಟಿದಾಗಿಂದ ಬನಿಯನ್ನು ಮತ್ತು ಹೆಗಲ ಮೇಲಿನ ಟವಲಿನಲ್ಲೇ ಬಾಳಿದ ಮನುಷ್ಯ ಗೋಡೆ ಮೇಲೆ ಅಧಿಕಾರಿಯಾಗಿ ಕೂತ. ದಿನಾ ಬೆಳಿಗ್ಗೆ ಆ ಗಾಜಿಗೆ ವಿಭೂತಿ ಹಚ್ಚುವಾಗ ದೇವಮ್ಮಣ್ಣಿ, "ಯಾವೂರ ಸಾಯೇಬ್ರೋ ಏನೋ," ಎಂದು ಗೊಣಗುತ್ತಿದ್ದರು.

ಅದು ತನಗೇ ಬಿದ್ದ ಏಟೆಂದು ನೀಲಾಂಬಿಕೆ ತಿಳಿದುಕೊಂಡಳು. ಹುಣಸೂರಿನ ಸೋಮಶೇಖರನ ಅಂಗಡಿಗೆ ಹೋಗಿ, ಉಳಿದಿದ್ದ ಹಳೇ ಮಾಡೆಲ್ಲಿನ ಬಣ್ಣದ ಕಾರ್ಟ್ರಿಡ್ಜ್‌ಗಳನ್ನೆಲ್ಲ ಒಟ್ಟಿಗೆ ತಂದು ಬೀರುವಿನಲ್ಲಿ ಜೋಡಿಸಿದಳು. ಸ್ವಲ್ಪ ದಿನಕ್ಕೆ ನೋಡಿದರೆ ಅದರಲ್ಲೊಂದು ಇಲ್ಲ. ಅಂಗಡಿಯವನೇ ಕಡಿಮೆ ಹಾಕಿದ್ದಾನೆಂದು ಬಸ್ಸು ಹತ್ತಿಕೊಂಡು ಹೋಗಿ ಜಗಳ ಕಾದು ಬಂದಳು. ಸೋಮಶೇಖರ ಬಿಲ್ಲು ತೋರಿಸಿದ, ದೇವರ ಮೇಲೆ ಆಣೆ ಹಾಕಿದ. ಅವಳು ನಂಬಲಿಲ್ಲ. ಅಂದಿನಿಂದ ಹುಣಸೂರಿಗೆ ಹೋದರೆ ಅವನ ಅಂಗಡಿ ಎದುರು ಬರದ ಹಾಗೆ ಸುತ್ತು ಹಾಕಿಕೊಂಡು ನಡೆಯುತ್ತಿದ್ದಳು.

ಈ ಸಲದ ಮಳೆಗಾಲದಲ್ಲಿ ದೇವಮ್ಮಣ್ಣಿ ಹಾಸಿಗೆ ಹಿಡಿದರು. ಅದೇ ಸಮಯಕ್ಕೆ ಹೊಗೆಸೊಪ್ಪು ಕೊಯ್ಲಿಗೆ ಬಂದು, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಹಗಲಿರುಳು ಉರಿ ಹಾಕುವುದರಲ್ಲಿ ರುದ್ರಸ್ವಾಮಿ ಮನೆ ಕಡೆ ತಲೆ ಹಾಕುವುದೇ ಕಷ್ಟವಾಯಿತು. ಅತ್ತೆಯನ್ನು ಎಬ್ಬಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ನೀಲಾಂಬಿಕೆಯ ಪಾಲು. ಅದರ ನಡುವೆ ಸೊಪ್ಪು ಕಟ್ಟುವ ಆಳುಗಳಿಗೆ ಊಟ, ಬಾಗಿಲಲ್ಲಿ ಆಧಾರು. ಕೆಲವು ದಿನ ಅವಳಿಗೆ ತಾನು ಉಂಡೆನೋ ಇಲ್ಲವೋ ಎನ್ನುವುದೇ ನೆನಪಿರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಕರೆದರು. "ನೀಲಾ, ಅಟ್ಟದ ಮ್ಯಾಲೆ ಬೀಜದ ಗಡಿಗೆ ಅದಲ್ಲ, ಅದ್ನ ಇಳಿಸು."

"ಈಗ್ಯಾಕತ್ತೆ ಬೀಜ? ಬಿತ್ತನೆ ಎಲ್ಲಾ ಮುಗ್ದೋಯ್ತಲ್ಲ."

"ಇಳಿಸು ಅಂದ್ನಲ್ಲವ್ವ."

ಅಡಿಗೆಮನೆ ಒಲೆಯ ನೇರ ಮೇಲಿನ ಅಟ್ಟ ಅದು. ವರ್ಷವಿಡೀ ಹೊಗೆ, ಕಾವು. ಕುಂಬಳ, ಅವರೆ, ಸೋರೆ, ಮುಂದಿನ ವರ್ಷಕ್ಕೆ ಬೇಕಾದ ಬೀಜವೆಲ್ಲ ಬೂದಿಯಲ್ಲಿ ಹೊರಳಿ, ಲಕ್ಕಿ ಸೊಪ್ಪು ಹೊದ್ದು ಅಲ್ಲೇ ಮಲಗುತ್ತಿದ್ದವು. ತೇವ ತಾಗಬಾರದು, ಹುಳು ಹತ್ತಬಾರದು. ನೀಲಾಂಬಿಕೆ ಗಡಿಗೆ ಇಳಿಸಿ, ಅತ್ತೆ ಹೇಳಿದಂತೆ ತಳಕ್ಕೆ ಕೈ ಹಾಕಿದಳು. ಮಾವನ ಹಳೇ ಪಂಚೆಯ ಚೂರಿನಲ್ಲಿ ಸುತ್ತಿದ ಒಂದು ಗಂಟು ಕೈಗೆ ಬಂತು. ಬಿಚ್ಚಿದರೆ ಒಳಗೆ ಬಣ್ಣದ ಕಾರ್ಟ್ರಿಡ್ಜ್, ಡಬ್ಬಿ ಸಮೇತ. ಕಳೆದುಹೋಗಿದ್ದದ್ದೇ.

ನೀಲಾಂಬಿಕೆಗೆ ಆಣೆ ಹಾಕಿದ ಸೋಮಶೇಖರನ ಮುಖ ಕಣ್ಣೆದುರಿಗೆ ಬಂತು.

"ಕಳ್ಳಿ ಅನ್ಕೋಬ್ಯಾಡ ಕಣವ್ವ," ಎಂದರು ದೇವಮ್ಮಣ್ಣಿ. "ನಿಮ್ಮಾವಂಗಾದಂಗೆ ನಂಗಾಗ್ಬಾರ್ದು ಅಂತ ಎತ್ತಿಟ್ಟೆ. ನಿನ್ ಕೈಲಿದ್ರೆ ಊರೋರ್ಗೆಲ್ಲ ಉಯ್ದು ಖಾಲಿ ಮಾಡ್ಬುಡ್ತೀಯ. ನನ್ ಪೋಟಾ ನೀನೇ ಮಾಡು. ಸ್ಟುಡಿಯೋದೋನು ನನ್ನ ಕಂಡೋನಲ್ಲ, ನಂಗೂ ಕೋಟು ಆಕ್ಬುಟ್ರೆ ಏನ್ ಗತಿ? ನೀನು ದಿನಾ ನೋಡಿರೋಳು. ಕಣ್ಣಿರೋವಾಗ್ಲೇ ಒಂದ್ಸಲ ನೋಡ್ಕಂಡು ಓಯ್ತೀನಿ."

ನೀಲಾಂಬಿಕೆ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಅದರ ಮೇಲೆ ಅಚ್ಚಾಗಿದ್ದ ತಾರೀಖು ದಾಟಿ ಮೂರು ಮಳೆಗಾಲ ಕಳೆದಿತ್ತು. "ಇದರ ಡೇಟು ಮುಗ್ದದೆ ಅತ್ತೆ."

"ಅದ್ಯಾರು ಬರ್ದೋರು ಡೇಟ? ಆ ಗಡಿಗೇಲಿಟ್ಟ ಬೀಜ ಯಾವತ್ತಾರ ಉಟ್ಟದೆ ಇದ್ದದ್ದುಂಟಾ?"

ತಾರೀಖು ದೊಡ್ಡ ವಿಷಯವಲ್ಲವೆಂದು ನೀಲಾಂಬಿಕೆಗೂ ಗೊತ್ತಿತ್ತು. ಅದು ಕಂಪನಿಯವರು ತಮ್ಮ ಜವಾಬ್ದಾರಿ ಇಲ್ಲಿಗೆ ಮುಗಿಯಿತೆಂದು ಹಾಕುವ ಗೆರೆ, ಇಂಕಿನ ಸಾವಿನ ದಿನವಲ್ಲ. ಬೀರುವಿನಲ್ಲಿ ತಣ್ಣಗೆ, ಒಡೆಯದೆ ಇದ್ದವನ್ನು ತಾರೀಖು ದಾಟಿದ ಮೇಲೂ ಅವಳು ಹಾಕಿ ನಡೆಸಿದ್ದಳು. ಆದರೆ ಇದು ಇದ್ದದ್ದು ಬೀರುವಿನಲ್ಲಲ್ಲ, ಒಲೆಯ ನೆತ್ತಿಯಲ್ಲಿ. ಬೀಜಕ್ಕೆ ಬೇಕಾದ ಕಾವೇ ಇಂಕಿನ ಪಸೆಯನ್ನು ಹೀರುತ್ತದೆ. ಅತ್ತೆಗೆ ಮನೆಯಲ್ಲಿ ಅದಕ್ಕಿಂತ ಜೋಪಾನದ ಜಾಗ ಗೊತ್ತಿರಲಿಲ್ಲ, ಅಲ್ಲಿಟ್ಟಿದ್ದರು. ಅದನ್ನು ಅವರ ಮುಖಕ್ಕೆ ಹೇಳುವುದು ಹೇಗೆಂದು ನೀಲಾಂಬಿಕೆಗೆ ತೋಚಲಿಲ್ಲ.

"ಟ್ರಂಕಿಂದ ಆ ಅರಿಶಿಣದ ಸೀರೆ ತೆಗಿ," ಎಂದರು ಅತ್ತೆ ಆಮೇಲೆ.

ಸೀರೆ ಮಡಿಕೆ ಬಿದ್ದ ಕಡೆ ಗೆರೆಗಟ್ಟಿತ್ತು, ಮಿಕ್ಕಂತೆ ಹೊಸದರ ಹಾಗೇ ಇತ್ತು. ನೀಲಾಂಬಿಕೆ ಅದನ್ನು ಹಿಡಿದುಕೊಂಡು ನಿಂತದ್ದನ್ನು ಕಂಡು ದೇವಮ್ಮಣ್ಣಿ ದಿಂಬಿನ ಮೇಲೆ ಮುಖ ತಿರುಗಿಸಿದರು. "ಇಷ್ಟ ಇಲ್ದೆ ಉಡ್ದೆ ಇದ್ದದ್ದಲ್ಲ ಕಣವ್ವ. ಉಟ್ರೆ ಅಳೇದಾಯ್ತದೆ ಅಂತ."

ಇಷ್ಟು ವರ್ಷ ಈ ಒಂದು ಮಾತಿಗೆ ಕಾದಿದ್ದೆನೇ ಎಂದು ನೀಲಾಂಬಿಕೆಗೆ ಅನಿಸಿತು. ಸಂತೋಷಕ್ಕಿಂತ ಸಿಟ್ಟೇ ಮೊದಲು ಬಂತು. ಅವತ್ತೇ ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಇವರದ್ದು. ಆದರೂ ಕೈಗಳು ಸೀರೆ ಉಡಿಸಿದವು, ತಲೆ ಬಾಚಿದವು, ಹಣೆಗೆ ಮೂರೆಳೆ ವಿಭೂತಿ ಇಟ್ಟವು. ಗೋಡೆಗೆ ಒರಗಿಸಿ ಕೂರಿಸಿ, ಎದೆಯ ಮೇಲೆ ಲಿಂಗದ ಕರಡಿಗೆ ಕಾಣುವ ಹಾಗೆ ಸೆರಗು ಸರಿಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆದಳು. ಅತ್ತೆ ನಗಲಿಲ್ಲ. ಯಾರೋ ಪಾಣಿ ಕೇಳಲು ಬಂದವರನ್ನು ನೋಡುವ ಹಾಗೆ ನೋಡಿದರು. ಅದು ಅವರದ್ದೇ ಮುಖ.

ಮಧ್ಯಾಹ್ನ ನೀಲಾಂಬಿಕೆ ಕಾರ್ಟ್ರಿಡ್ಜಿನ ಪಟ್ಟಿ ಕಿತ್ತಳು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಮೇಲೆ ಅದರ ಬಾಯನ್ನು ಒತ್ತಿ ಹಿಡಿದಳು. ನೀಲಿ ತುಸು ಇಳಿಯಿತು. ಕೆಂಪೂ ಇಣುಕಿತು. ಹಳದಿಯ ಜಾಗದಲ್ಲಿ ಬಟ್ಟೆ ಬಟ್ಟೆಯಾಗಿಯೇ ಉಳಿಯಿತು. ಮೆಷೀನಿಗೆ ಹಾಕಿದಾಗ ಇದರ ಅವಧಿ ಮುಗಿದಿದೆ, ಮುಂದುವರಿಯಬೇಕೇ ಎಂದು ಕಂಪ್ಯೂಟರು ಕೇಳಿತು. ಮುಂದುವರಿ ಎಂದಳು. ಮೆಷೀನು ನರಳಿ ನರಳಿ ಹಾಳೆ ಹೊರಗೆ ಬಿಟ್ಟಿತು. ಅತ್ತೆಯ ಮುಖ ಬೀಟ್‌ರೂಟು. ಸೀರೆ ತೊಳೆದು ತೊಳೆದು ಬಣ್ಣ ಹೋದ ಲಂಗದ ಹಾಗೆ. ಮತ್ತೆ ಬಾಯಿ ತೊಳೆದಳು, ಮತ್ತೆ ಹಾಕಿದಳು. ಹಳದಿ ಬರಲೇ ಇಲ್ಲ.

ಬೇರೆ ದಾರಿ ಕಾಣದೆ ಸೋಮಶೇಖರನಿಗೆ ಫೋನು ಮಾಡಿದಳು. "ಆ ಮಾಡೆಲ್ ಇಂಕು ಮೈಸೂರಲ್ಲೂ ಸಿಕ್ಕಲ್ಲಕ್ಕ, ನಿಂತೋಗಿ ಯಾವ್ ಕಾಲಾಯ್ತು," ಎಂದ ಅವನು.

ಅವಳು ಫೋನು ಇಡಲಿಲ್ಲ. "ಅವತ್ತಿನ ಕಾರ್ಟ್ರಿಡ್ಜ್ ಮನೇಲೇ ಸಿಕ್ತು ಕಣಪ್ಪ. ನಂದೇ ತಪ್ಪು."

"ಯಾವ್ದಕ್ಕ ಅದು?" ಎಂದ ಸೋಮಶೇಖರ. ಅವನಿಗೆ ಅದು ಮರೆತೇ ಹೋಗಿತ್ತು.

ನೀಲಾಂಬಿಕೆ ಪ್ರಿಂಟರಿನ ಪಕ್ಕ ನೆಲದ ಮೇಲೆ ಕೂತು ಅತ್ತಳು. ಅಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಪುರುಸೊತ್ತೇ ಇರಲಿಲ್ಲ. ಬ್ಯಾರನ್ನಿನಿಂದ ಊಟಕ್ಕೆ ಬಂದ ರುದ್ರಸ್ವಾಮಿ ಕೆಟ್ಟುಹೋದ ಹಾಳೆಗಳನ್ನು ನೋಡಿ, ಅವಳಿಂದ ವಿಷಯ ಕೇಳಿ ತಿಳಿದುಕೊಂಡ. "ಇದಕ್ಕ್ಯಾಕಮ್ಮಿ ಅಳೂದು? ಪೋಟಾ ನನ್ ಮೊಬೈಲ್ಗೆ ಕಳ್ಸು, ಹುಣಸೂರಲ್ಲಿ ಮಾಡಿಸ್ಕ ಬತ್ತೀನಿ. ಇಲ್ಲೇ ಮಾಡಿದ್ದು ಅಂದ್ಬುಡು. ಅವ್ವಂಗೇನ್ ಗೊತ್ತಾಯ್ತದೆ?"

ಅವಳಿಗೆ ಎಷ್ಟು ಸಾಕಾಗಿತ್ತೆಂದರೆ ಹೂಂ ಎನ್ನಲು ಬಾಯಿ ತೆರೆದೇಬಿಟ್ಟಿದ್ದಳು. ಎದುರಿನ ಗೋಡೆಯಿಂದ ಕೋಟು ಹಾಕಿಕೊಂಡ ಮಾವ ನೋಡುತ್ತಿದ್ದರು.

"ಬ್ಯಾಡ," ಎಂದಳು. "ಊಟ ಮಾಡಿ ಓಗಿ ನೀವು."

ಕರಿ ಇಂಕು ಇನ್ನೂ ಸ್ವಲ್ಪ ಇತ್ತು. ಊರವರ ಕೊನೆಯ ಕಾಗದಗಳಿಗೆಂದು ಉಳಿಸಿಕೊಂಡಿದ್ದ ಇಂಕು ಅದು. ದಪ್ಪ ಫೋಟೋ ಹಾಳೆ ಹಾಕಿ, ಬಣ್ಣ ಬೇಡ, ಕಪ್ಪೊಂದೇ ಸಾಕು, ನಿಧಾನವಾದರೂ ಚೆನ್ನಾಗಿ ಬರಲಿ ಎಂದು ಮೆಷೀನಿಗೆ ಹೇಳಿದಳು. ಹಾಳೆ ಅಂಗುಲ ಅಂಗುಲವಾಗಿ ಹೊರಗೆ ಬಂತು. ಹಣೆಯ ವಿಭೂತಿಗೆ ಇಂಕೇ ಬೇಕಾಗಿರಲಿಲ್ಲ, ಹಾಳೆಯ ಬಿಳುಪೇ ಅಲ್ಲಿ ಉಳಿದಿತ್ತು. ಮುಖದ ಸುಕ್ಕು ಒಂದೂ ತಪ್ಪಿಲ್ಲ. ಸೀರೆ ಮಾತ್ರ ಬೂದಿ ಬಣ್ಣ.

ಅದನ್ನು ಅತ್ತೆಯ ಮುಂದೆ ಹಿಡಿದು, "ಬಣ್ಣ ಬರ್ಲಿಲ್ಲ ಅತ್ತೆ," ಎಂದಳು.

"ನಾನಿಟ್ಟಿದ್ದು ಸರಿಯಾಗ್ಲಿಲ್ವಾ?"

"ನೀವ್ ಸರಿಯಾಗೇ ಇಟ್ಟಿದ್ರಿ. ಡೇಟು ಮುಗ್ದಿತ್ತು, ಅಷ್ಟೇಯ." ತಾರೀಖನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳದವಳು ಅವತ್ತು ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಿದಳು.

ದೇವಮ್ಮಣ್ಣಿ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಸದ್ಯ, ಕೋಟಿಲ್ಲ," ಎಂದರು. ಆಮೇಲೆ ಸೀರೆಯ ಮೇಲೆ ಬೆರಳಾಡಿಸಿ, "ಇದ್ಯಾವ್ ಬಣ್ಣ ಅಂತ ನಂಗೂ ನಿಂಗೂ ಗೊತ್ತಲ್ಲ. ಸಾಕು ಬುಡವ್ವ," ಎಂದು ದಿಂಬಿಗೆ ಒರಗಿದರು. ನೀಲಾಂಬಿಕೆ ಪಕ್ಕದಲ್ಲೇ ಕೂತು ಅವರ ಕಾಲು ಒತ್ತಿದಳು. ಬಾಗಿಲಲ್ಲಿ ಯಾರೋ ಅಕ್ಕಾ ಎಂದು ಕೂಗಿದರು. ಎದ್ದು ಹೋಗಲಿಲ್ಲ.

ಕೊನೆಯ ಬ್ಯಾರನ್ನಿನ ಸೊಪ್ಪು ಇಳಿಸುವ ಮೊದಲೇ ದೇವಮ್ಮಣ್ಣಿ ಹೋದರು. ಅರಿಶಿಣದ ಸೀರೆಯನ್ನೇ ಉಡಿಸಿ ಕೂರಿಸಿದರು. ಸೀರೆ ಅವರ ಜೊತೆಗೇ ಮಣ್ಣು ಸೇರಿತು.

ಶಿವಗಣಾರಾಧನೆಯ ದಿನ ಕೋಟು ಹಾಕಿದ ಮಾವನ ಪಕ್ಕದಲ್ಲಿ ಆ ಫೋಟೋ ಇಟ್ಟು ಹೂವು ಹಾಕಿದ್ದರು. ಪ್ರಿಂಟರಿನ ಮೇಲೆ ಬಟ್ಟೆ ಹೊದಿಸಿತ್ತು, ಅದರಲ್ಲಿ ಕರಿ ಇಂಕೂ ಇರಲಿಲ್ಲ. ಮಣ್ಣಿಗೆ ಬರಲಾಗದೆ ಅವತ್ತು ಪಿರಿಯಾಪಟ್ಟಣದಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಫೋಟೋದ ಎದುರು ನಿಂತು, "ಈ ಕಾಲ್ದಲ್ಲೂ ಕಪ್ಪು ಬಿಳೀದಾ? ಅದ್ಯಾವ ಸೀರೆ ನೀಲಕ್ಕ, ಬೂದಿ ಬಣ್ಣದ್ದು?" ಎಂದು ಕೇಳಿದಳು.

"ಅರಿಶಿಣದ್ದು," ಎಂದಳು ನೀಲಾಂಬಿಕೆ.

ಆ ಹೆಂಗಸು ಬಗ್ಗಿ ಮತ್ತೊಮ್ಮೆ ನೋಡಿದಳು. "ನಂಗಂಗೆ ಕಾಣಲ್ವಲ್ಲ."

"ನಂಗೆ ಕಾಣ್ತದೆ," ಎಂದು ಹೇಳಿ ನೀಲಾಂಬಿಕೆ ಎಲೆ ಹಾಕಲು ಒಳಗೆ ಹೋದಳು.