ಗುಡ್ಡದ ಅಳತೆಗೆ ನಿಂತವಳು

ಭಾನುವಾರ ಬಂತೆಂದರೆ ನನಗೆ ಹೊಟ್ಟೆಯುರಿ. ಮುಂಬಯಿಯ ಕುರ್ಲಾದಲ್ಲಿ ನಮ್ಮ ಚಾಳಿನ ಉಳಿದ ಹೆಂಗಸರು ಗಂಡಂದಿರ ಜೊತೆ ಸಿನಿಮಾಕ್ಕೋ ಚೌಪಾಟಿಗೋ ಹೋಗುತ್ತಿದ್ದರು. ನಾನು ಮಾತ್ರ ರೊಟ್ಟಿಯ ಬುತ್ತಿಯ ಜೊತೆಗೆ ಮೂರು ಲೆನ್ಸುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಎದೆಗವಚಿಕೊಂಡು, ದಾದರಿನಲ್ಲಿ ರೈಲುಗಾಡಿ ಬದಲಿಸಿ ದಹಿಸರಿಗೋ ಬೊರಿವಲಿಗೋ ಹೋಗಬೇಕು. ನನ್ನ ಗಂಡನಿಗೆ ಗುಡ್ಡ, ಹೊಳೆ, ಮೋಡಗಳ ಫೋಟೋ ತೆಗೆಯುವ ಹುಚ್ಚು. ಹಡಗಿನಲ್ಲಿ ಕೆಲಸಕ್ಕಿದ್ದ ಗೆಳೆಯರೊಬ್ಬರು ತಂದುಕೊಟ್ಟಿದ್ದ ಆ ಲೆನ್ಸುಗಳಿಗೆ ನಾನೇ ಹೆಸರಿಟ್ಟಿದ್ದೆ: ಗಿಡ್ಡ, ನಡುವಿನವ, ಉದ್ದ. ಗಿಡ್ಡ ಇಡೀ ಗುಡ್ಡವನ್ನು ಒಂದೇ ತುತ್ತಿಗೆ ನುಂಗುತ್ತಿದ್ದ. ಉದ್ದ ದೂರದ್ದನ್ನು ಹತ್ತಿರ ಎಳೆದು ತರುತ್ತಿದ್ದ. ರೊಟ್ಟಿ ಒಣಗಿದರೆ ನಡೆಯುತ್ತಿತ್ತು, ಲೆನ್ಸಿಗೆ ಧೂಳು ಕೂತರೆ ಅಂದಿನ ದಿನವೇ ಕೆಟ್ಟಿತು.

ಗಿಡ್ಡನನ್ನು ಹಾಕಿದಾಗ ನನಗೊಂದು ಕೆಲಸವಿತ್ತು. "ನೀ ಅಲ್ಲಿ ಆ ಕಲ್ಲಿನ ಬಾಜೂಕ ನಿಂದರು. ಮನಶಾರು ಇದ್ರ ಗುಡ್ಡ ಎಷ್ಟ ದೊಡ್ಡದದ ಅನ್ನೂದು ತಿಳೀತದ." ಹೀಗಾಗಿ ನಾನು ಎಲ್ಲ ಫೋಟೋಗಳಲ್ಲೂ ಇದ್ದೆ, ಜೋಳದ ಕಾಳಿನಷ್ಟು.

ಊರಿನಲ್ಲಿದ್ದ ಅವ್ವನಿಗೆ ಹೋಗುತ್ತಿದ್ದದ್ದೂ ಅವೇ ಫೋಟೋಗಳು. ಮದುವೆಯಾಗಿ ಬಂದಮೇಲೆ ನನಗೆ ತವರಿಗೆ ಹೋಗಲು ಕೂಡಿಬಂದಿರಲಿಲ್ಲ. ಅವಳಿಗೆ ಓದುಬರಹ ಬಾರದು, ಅವಳ ಪತ್ರಗಳನ್ನು ಅಣ್ಣ ಬರೆಯುತ್ತಿದ್ದ. ಪ್ರತಿಸಲವೂ ಒಂದೇ ಪ್ರಶ್ನೆ: "ನಿನ್ನ ಮಾರಿ ಕಾಣವಲ್ದು. ಸೊರಗೀಯೋ ಏನು?" ಚೆನ್ನಾಗಿದ್ದೇನೆ ಎಂದು ಬರೆದರೆ ನಂಬುವ ಪೈಕಿಯಲ್ಲ ಅವ್ವ. ಗಂಡನ ಮನೆಯಿಂದ ಎಲ್ಲ ಹೆಣ್ಣುಮಕ್ಕಳೂ ಹಾಗೆಯೇ ಬರೆಸುತ್ತಾರೆಂದು ಅವಳಿಗೆ ಗೊತ್ತು. ಅವಳು ಮುಖವನ್ನೇ ನೋಡಬೇಕು.

ಸ್ಟುಡಿಯೋಕ್ಕೆ ಹೋಗೋಣವೆಂದರೆ ಇವರಿಗೆ ಅವಮಾನ. "ಮನ್ಯಾಗ ಕ್ಯಾಮೆರಾ ಇಟಗೊಂಡು ಸ್ಟುಡಿಯೋಕ್ಕ ಹೋಗೂದ?"

"ಹಂಗಾದ್ರ ನೀವ ತಗೀರಿ" ಎಂದು ಬೆನ್ನು ಬಿದ್ದೆ. ಮಳೆಗಾಲದ ಮುಂಚಿನ ಒಂದು ಭಾನುವಾರ, ಬೊರಿವಲಿಯ ಗುಡ್ಡದಲ್ಲಿ, ಅಂತೂ ಮನಸ್ಸು ಮಾಡಿದರು. ಉದ್ದನೆಯ ಲೆನ್ಸು ಹಾಕಿ, ದೂರ ಸರಿದು, "ನಗು" ಎಂದರು. ನಾನು ಅವ್ವನನ್ನು ನೆನೆದು ನಕ್ಕೆ.

ಕ್ಯಾಮೆರಾದೊಳಗಿನ ಫಿಲ್ಮಿನ ರೋಲು ಅರ್ಧವೂ ಮುಗಿದಿರಲಿಲ್ಲ. ಮುಗಿಯದೆ ತೊಳೆಯಲು ಕೊಡುವ ಮಾತೇ ಇಲ್ಲ. ಆಗ ಫಿಲ್ಮು ಸಿಗುವುದೇ ಕಷ್ಟ. ಅಷ್ಟರಲ್ಲಿ ಮಳೆ ಹಿಡಿಯಿತು. ಭಾನುವಾರದ ತಿರುಗಾಟ ನಿಂತು ಕ್ಯಾಮೆರಾ ಕಪಾಟಿನ ಮೇಲೇರಿತು, ಹೊಟ್ಟೆಯಲ್ಲಿ ನನ್ನ ಮುಖ ಇಟ್ಟುಕೊಂಡು.

"ಚಾಳಿಂದ ತಗೀರಿ, ನಳದ ಮುಂದಿನ ಪಾಳೀದು ತಗೀರಿ. ಮುಗಸ್ರಿ ಅದನ್ನ" ಎಂದು ಗೋಗರೆದೆ.

"ನಳದ ಪಾಳಿ ನೋಡಾಕ ನಾ ಫೋಟೋ ತಗೀತೀನೇನು? ಮಳಿ ನಿಂದರ್ಲಿ, ತಡಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ನಾನೇ ಬಿಚ್ಚೋಣವೆಂದರೆ ಬೆಳಕು ಬಿದ್ದು ಎಲ್ಲ ಹಾಳಾಗುತ್ತದೆ, ಅಷ್ಟು ನನಗೂ ತಿಳಿದಿತ್ತು. ಕಸ ಗುಡಿಸುವಾಗೆಲ್ಲ ಕಪಾಟಿನ ಕಡೆ ನೋಡಿ ಅಳು ಬರುತ್ತಿತ್ತು.

ಅವ್ವ ಹಾಸಿಗೆ ಹಿಡಿದಿದ್ದಾಳೆಂದು ಅಣ್ಣನ ಪತ್ರ ಬಂದಾಗ ಕುರ್ಲಾದಲ್ಲಿ ಹಳಿ ಕಾಣದಷ್ಟು ನೀರು, ಗಾಡಿಗಳೆಲ್ಲ ಬಂದ್ ಆಗಿದ್ದವು. ಅಂದು ಇವರು ಕ್ಯಾಮೆರಾ ಇಳಿಸಿದರು. ಕಿಟಕಿಯಲ್ಲಿ ನಿಂತು ಮಳೆಯನ್ನೇ ತೆಗೆದರು. ಗಿಡ್ಡ ಹಾಕಿದರು, ನಡುವಿನವನನ್ನು ಹಾಕಿದರು, ಉದ್ದ ಹಾಕಿದರು. ಎದುರಿಗೆ ಪಕ್ಕದ ಚಾಳಿನ ಹಸಿ ಗೋಡೆ ಬಿಟ್ಟು ಏನೂ ಇರಲಿಲ್ಲ. ನನಗೆ ಮೊದಲ ಸಲ ಅವರ ಮೇಲೆ ಸಿಟ್ಟು ಬರಲಿಲ್ಲ. ರೋಲು ಮುಗಿಸಿ ತೊಳೆಯಲು ಕೊಟ್ಟು ಬಂದರು. ಫೋಟೋ ಕೈಗೆ ಸಿಗುವ ಮೊದಲೇ ಅಣ್ಣನ ತಂತಿ ಬಂತು.

ನಾನು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಅವ್ವನ ದಿಂಬಿನ ಕೆಳಗಿದ್ದ ಫೋಟೋವೊಂದನ್ನು ಅತ್ತಿಗೆ ನನ್ನ ಕೈಗಿಟ್ಟಳು. "ಬಂದೋರಿಗೆಲ್ಲಾ ಇದರ ಮ್ಯಾಲ ಬೆರಳಿಟ್ಟು ತೋರಸ್ತಿದ್ರು, ಇಕೀನ ನನ್ನ ಮಗಳು ಅಂತ." ದಹಿಸರಿನ ಹೊಳೆ, ಗುಡ್ಡ, ಮೋಡ ಎಲ್ಲ ಇದ್ದಹಾಗೇ ಇದ್ದವು. ಕಲ್ಲಿನ ಪಕ್ಕ ನಾನು ನಿಂತಿದ್ದ ಜಾಗ ಮಾತ್ರ ಸವೆದು ಬೆಳ್ಳಗಾಗಿತ್ತು.

ಮುಂಬಯಿಗೆ ಮರಳಿದಾಗ ಇವರು ನನ್ನ ಮುಖದ ಫೋಟೋ ದೊಡ್ಡದು ಮಾಡಿಸಿ ಇಟ್ಟಿದ್ದರು. ಗಲ್ಲ ತುಂಬಿಕೊಂಡು ನಗುತ್ತಿದ್ದೆ. ಸೊರಗಿರಲಿಲ್ಲ ನಾನು, ಒಂದಿಷ್ಟೂ.